ನಡೆದು ವಾಪಸು ಬಂದ ಗಿಳಿ

ಜುವಾಂಗ್ ಜಿನ್‌ಶಿಯಣ್ಣ ಮೂವತ್ತನಾಲ್ಕು ವರ್ಷ ತೈನಾನ್ ಊರಿನಲ್ಲಿ ಸಿಟಿ ಬಸ್ ಓಡಿಸಿದ. ನಿವೃತ್ತನಾದ ಮರುದಿನವೂ ನಸುಕಿಗೇ ಎದ್ದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನ ತಿಂಡಿ ಅಂಗಡಿಗೆ ಬಂದು ಕುಳಿತ. ಹತ್ತು ಗಂಟೆಯಾದರೂ ಏಳಲಿಲ್ಲ. ಅವನ ಹೆಂಡತಿ ಸುಯುನಕ್ಕ ನಮ್ಮ ಗಲ್ಲಿಯಲ್ಲೇ ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ ಅಂಗಡಿ ಇಟ್ಟವಳು. ಗಂಡ ಹೊಲಿಗೆ ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು, ಈಗ ಎಡಕ್ಕೆ ತಿರುಗಿಸು, ಇಲ್ಲಿ ನಿಧಾನ ಮಾಡು ಎನ್ನಲು ಶುರು ಮಾಡಿದ ಮೇಲೆ ಅವಳಿಗೆ ಹದಿನೈದೇ ದಿನಕ್ಕೆ ಸಾಕುಸಾಕಾಯಿತು. ತಂಗಿಯ ಮನೆಯಲ್ಲಿ ಯಾರಿಗೂ ಬೇಡವಾಗಿದ್ದ ಗಿಳಿಯೊಂದನ್ನು ಪಂಜರದ ಸಮೇತ ತಂದು ಗಂಡನ ಮಡಿಲಲ್ಲಿಟ್ಟಳು.

ಹಳದಿ ಮೈ, ಕಿತ್ತಳೆ ಮುಖ, ಅಂಗೈ ತುಂಬುವಷ್ಟೇ ಗಾತ್ರ. ಆದರೆ ಕೂಗಿದರೆ ಗಲ್ಲಿಯ ಆ ತುದಿಯಲ್ಲಿ ಸ್ಕೂಟರಿನವರು ಬ್ರೇಕ್ ಹಾಕುತ್ತಿದ್ದರು. ಜಿನ್‌ಶಿಯಣ್ಣ ಅದಕ್ಕೆ ಲಾಬಾ ಎಂದು ಹೆಸರಿಟ್ಟ. ನಮ್ಮಲ್ಲಿ ಹಾರನ್ನಿಗೆ ಹಾಗೆನ್ನುತ್ತೇವೆ.

ಕಾಲುವೆ ಬದಿಯ ಪಾರ್ಕಿನಲ್ಲಿ ಭಾನುವಾರ ಭಾನುವಾರ ಗಿಳಿ ಸಾಕಿದವರೆಲ್ಲ ಸೇರುತ್ತಾರೆ. ಹಕ್ಕಿಯನ್ನು ಬಯಲಿಗೆ ಬಿಡುವುದು, ಕೂಗಿ ಕರೆಯುವುದು, ಅದು ಮರಳಿ ಕೈಮೇಲೆ ಕೂತಾಗ ಒಂದು ತುಣುಕು ತಿನಿಸು ಕೊಡುವುದು ಅಲ್ಲಿಯ ಅಭ್ಯಾಸ. ಆ ಗುಂಪಿಗೆ ಮುಖಂಡ ಹಳೇ ಡ್ರಿಲ್ ಮೇಷ್ಟ್ರು, ದು ಎಂದು ಹೆಸರು. ಕೊರಳಲ್ಲಿ ಸೀಟಿ ಈಗಲೂ ಇದೆ. ಜಿನ್‌ಶಿಯಣ್ಣ ಮೊದಲ ವಾರವೇ ಒಂದು ಡಬ್ಬಿ ಸೂರ್ಯಕಾಂತಿ ಬೀಜದೊಂದಿಗೆ ಹಾಜರಾದ. ಮನೆಯಲ್ಲಿ ಪಾಠವೂ ಶುರುವಾಯಿತು. ಆದರೆ ಅವನ ಕೈ ಧಾರಾಳ. ಬಂದರೆ ಒಂದು ಬೀಜ, ಬರಬೇಕೆಂದು ಯೋಚಿಸಿದಂತೆ ಕಂಡರೆ ಒಂದು, ಸುಮ್ಮನೆ ಕೂತಿದ್ದರೆ ಪಾಪ ಬೇಜಾರಾಗಿರಬೇಕೆಂದು ಎರಡು. ತಿಂಗಳು ಕಳೆಯುವುದರೊಳಗೆ ಲಾಬಾ ಪರದೆಯ ಕೋಲಿನ ಮೇಲೆ ಕೂತು ಒಮ್ಮೆ ಕಿರುಚಿದರೆ ಸಾಕು, ಜಿನ್‌ಶಿಯಣ್ಣ ಎಲ್ಲಿದ್ದರೂ ಡಬ್ಬಿ ಹಿಡಿದು ಓಡಿ ಬರುತ್ತಿದ್ದ.

"ಪಾಠ ಚೆನ್ನಾಗಿ ನಡೀತಿದೆ ಕಣೋ ಮುದುಕಾ," ಎಂದಳು ಸುಯುನಕ್ಕ, ಸೂಜಿಗೆ ದಾರ ಪೋಣಿಸುತ್ತ. "ಒಂದೇ ಕೂಗಿಗೆ ಬರ್ತೀಯ. ಇನ್ನೊಂದ್ ಸ್ವಲ್ಪ ದಿನ ಹೋದ್ರೆ ಅದು ನಿನ್ನನ್ನ ಪಾರ್ಕಲ್ಲೂ ಹಾರಕ್ಕೆ ಬಿಡಬಹುದು."

ಅವಮಾನ ಆದದ್ದು ಆರನೇ ಭಾನುವಾರ. ಮೇಷ್ಟ್ರು ಸೀಟಿ ಊದಿದರು, ಹಕ್ಕಿಗಳೆಲ್ಲ ಎದ್ದವು. ಲಾಬಾ ಒಂದಾಳೆತ್ತರ ಏರಿ, ಏದುಸಿರು ಬಿಟ್ಟು, ಹುಲ್ಲಿನ ಮೇಲೆ ಧೊಪ್ಪನೆ ಇಳಿಯಿತು. ಜಿನ್‌ಶಿಯಣ್ಣ ಕರೆದ. ಅದು ತಲೆ ಓರೆ ಮಾಡಿ ದೂರ ಅಳೆಯಿತು. ಆಮೇಲೆ ನಡೆದುಕೊಂಡು ಹೊರಟಿತು. ಕೊನೆಯ ಬಸ್ ತಪ್ಪಿಸಿಕೊಂಡವರ ಹಾಗೆ, ಅತ್ತಿತ್ತ ಓಲಾಡುತ್ತ, ನಡುವೆ ಎರಡು ಸಲ ನಿಂತು ಸುಧಾರಿಸಿಕೊಂಡು, ಇಡೀ ಬಯಲು ದಾಟಿ ಅವನ ಚಪ್ಪಲಿಯ ಮೇಲೆ ಹತ್ತಿ ಕೂತಿತು.

ಮೇಷ್ಟ್ರು ಕೆಮ್ಮಿ ಕೇಳಿದರು, "ಜಿನ್‌ಶಿ, ಇದು ಗಿಳೀನೋ, ಕೋಳೀನೋ?"

ಅವನು ಮನೆಗೂ ಹೋಗದೆ ನೇರ ನನ್ನ ಅಂಗಡಿಗೆ ಬಂದು, ಹಕ್ಕಿಗೆ ಏನೋ ಕಾಯಿಲೆ ಇರಬೇಕು ಎಂದ. ಮುಖ ಬಿಳುಚಿತ್ತು. ಮರುದಿನ ಸುಯುನಕ್ಕನೂ ಸೇರಿ ನಾವು ಮೂವರೂ ಲಾಬಾನನ್ನು ಎತ್ತಿಕೊಂಡು ಹಕ್ಕಿ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರ್ ಯೆನ್ ಚಿಕ್ಕ ವಯಸ್ಸಿನ ಹೆಂಗಸು. ಲಾಬಾನನ್ನು ತಕ್ಕಡಿಯ ಮೇಲೆ ಕೂರಿಸಿದಳು. ನೂರ ನಲವತ್ತಾರು ಗ್ರಾಂ. ನೂರಿಪ್ಪತ್ತರ ಆಸುಪಾಸು ಇರಬೇಕಿತ್ತಂತೆ. ಜಿನ್‌ಶಿಯಣ್ಣ ತಾನೇ ತಕ್ಕಡಿ ಹತ್ತಿದವನ ಹಾಗೆ ತನ್ನ ಹೊಟ್ಟೆ ಒಳಗೆಳೆದುಕೊಂಡ.

"ಏನೇನ್ ಕೊಡ್ತೀರಿ ದೊಡ್ಡಪ್ಪ?" ಎಂದು ಅವಳು ಕೇಳಿದಳು.

"ಸೂರ್ಯಕಾಂತಿ ಬೀಜ."

"ಅದೊಂದೇನಾ?"

"ಬಟ್ಟಲಲ್ಲಿ ಒಂದಿಷ್ಟು. ಆಮೇಲೆ ಪಾಠಕ್ಕೆ ಒಂದಿಷ್ಟು. ಹಬೆಯಲ್ಲಿ ಬೇಯಿಸಿದ ಬನ್ನಿನ ಅಂಚು ಯಾವಾಗಾದ್ರೂ. ಅಷ್ಟೇ."

ಬರೀ ಅಷ್ಟಕ್ಕೇ ಇಷ್ಟು ಕೊಬ್ಬು ಬರುವುದಿಲ್ಲ ಎಂದು ಡಾಕ್ಟರ್ ಪೆನ್ನು ಹಿಡಿದು ಕಾದಳು. ಆಮೇಲೆ ಸುಯುನಕ್ಕ ಕಿಟಕಿ ಕಡೆ ನೋಡುತ್ತ, ಮಧ್ಯಾಹ್ನ ಹೊಲಿಯುವಾಗ ತಾನೂ ಒಂದೊಂದು ಗೇರುಬೀಜ ಕೊಡುವುದುಂಟು ಎಂದಳು. ಉಪ್ಪು ಹಚ್ಚಿದ್ದೇ ಎಂದರೆ ಹೌದು. ಬೆಣ್ಣೆ ಬಿಸ್ಕತ್ತೂ ಎಂದರೆ ಅದೂ ಹೌದು. ನಿತ್ಯ ಗಂಡನನ್ನು ಹೀಯಾಳಿಸುತ್ತಿದ್ದವಳು ಇವಳೇ. ಜಿನ್‌ಶಿಯಣ್ಣ ಹೆಂಡತಿಯ ಕಡೆ ತಿರುಗಿದಾಗ ಅವನ ಮುಖದಲ್ಲಿ ಮದುವೆಯಾದಂದಿನಿಂದ ಕಾದಿದ್ದ ಗೆಲುವು ಇತ್ತು. ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಡಾಕ್ಟರ್ ನನ್ನ ಕಡೆ ನೋಡಿದಳು, ಬೆಳಿಗ್ಗೆ ಅವನು ಹಕ್ಕಿಯನ್ನು ಅಂಗಡಿಗೆ ತಂದಾಗ ಮೊಟ್ಟೆರೊಟ್ಟಿಯ ಚೂರು ಹಾಕುವುದನ್ನು ನಾನೂ ಒಪ್ಪಿಕೊಳ್ಳಬೇಕಾಯಿತು.

"ಹಾಗಾದ್ರೆ ಇದು ದಿನಕ್ಕೆ ಮೂರು ಕಡೆ ಊಟ ಮಾಡ್ತಿದೆ," ಎಂದಳು ಡಾಕ್ಟರ್. ಗದರಲಿಲ್ಲ, ಅದೇ ಹೆಚ್ಚು ನಾಟಿತು. ಹೀಗೇ ಬಿಟ್ಟರೆ ಲಿವರಿಗೆ ಕೊಬ್ಬು ತುಂಬಿ ಒಂದು ದಿನ ಹಕ್ಕಿ ಕೋಲಿನಿಂದ ಬಿದ್ದುಹೋಗುತ್ತದೆ ಎಂದಳು. ಬಟ್ಟಲಿಗೆ ಹಕ್ಕಿಯ ಗುಳಿಗೆ ಆಹಾರ, ತರಕಾರಿ. ಉಪ್ಪು, ಸಕ್ಕರೆ, ಕರಿದದ್ದು ಬಂದ್. ಬೆಣ್ಣೆಹಣ್ಣು, ಚಾಕೊಲೇಟು ಮುಟ್ಟಿಸಲೂಬಾರದು, ವಿಷ. ಇನ್ನು ಪಾಠದ ತಿನಿಸು ಹೆಸರುಕಾಳಿಗಿಂತ ದೊಡ್ಡದಿರಬಾರದು. ಕೈಮೇಲೆ ಬಂದು ಕೂತಾಗಷ್ಟೇ ಸಿಗಬೇಕು, ಬಟ್ಟಲಲ್ಲಿ ಅದು ಕಾಣಲೇಬಾರದು. ಅದಕ್ಕೆ ನಿಜವಾಗಿ ಏನಿಷ್ಟ ಎಂದು ತಿಳಿಯಬೇಕಾದರೆ ನಾಲ್ಕಾರು ಬಗೆ ಒಟ್ಟಿಗೆ ಇಟ್ಟು ಮೊದಲು ಯಾವುದಕ್ಕೆ ಕೊಕ್ಕು ಹಾಕುತ್ತದೆ ನೋಡಿ ಎಂದಳು.

ಜಿನ್‌ಶಿಯಣ್ಣ ಇದನ್ನು ಸರ್ಕಾರಿ ಕೆಲಸದ ಹಾಗೆ ಹಚ್ಚಿಕೊಂಡ. ಖಾಲಿ ಮೊಟ್ಟೆ ಟ್ರೇಯ ಒಂದೊಂದು ಕುಳಿಯಲ್ಲಿ ಒಂದೊಂದು ತುಣುಕು ಹಾಕಿ, ಪಕ್ಕದಲ್ಲಿ ನೋಟುಬುಕ್ಕು ತೆರೆದಿಟ್ಟ. ಬಸ್ಸಿನ ಟ್ರಿಪ್ ಶೀಟು ತುಂಬಿ ಅಭ್ಯಾಸವಾದ ಕೈ. ಒಂದು ದಿನ ಕದ್ದು ಓದಿದೆ. "7.10. ಬ್ರೊಕೊಲಿ. ಹತ್ತಲಿಲ್ಲ. 7.12. ಸೀಬೆ. ಹತ್ತಿತು, ಕೂಡಲೇ ಇಳಿಯಿತು. 7.15. ಕ್ಯಾರೆಟ್. ಕಿಟಕಿಯಿಂದಾಚೆ ಎಸೆಯಲಾಯಿತು. 7.20. ಬೇಯಿಸಿದ ಸೋಯಾ ಕಾಳು. ಪ್ರಯಾಣ ಮುಂದುವರಿದಿದೆ."

ತಾನು ತಿನ್ನದ್ದನ್ನು ಹಕ್ಕಿಗೆ ಕೊಡಲಾರೆ ಎಂದು ಪ್ರತಿಯೊಂದನ್ನೂ ಮೊದಲು ತಾನೇ ಬಾಯಿಗೆ ಹಾಕುತ್ತಿದ್ದ. ಹಕ್ಕಿಯ ಗುಳಿಗೆಯನ್ನೂ ಅಗಿದು ನೋಡಿ, ನಮ್ಮ ಡಿಪೋ ಕ್ಯಾಂಟೀನಿನ ಅನ್ನಕ್ಕಿಂತ ವಾಸಿ ಎಂದ.

ಲಾಬಾ ಮಾತ್ರ ಸತ್ಯಾಗ್ರಹ ಹೂಡಿತು. ಅದರ ಕಿರುಚಾಟಕ್ಕೆ ಗಲ್ಲಿಗೆ ಗಲ್ಲಿಯೇ ಕಿವಿ ಮುಚ್ಚಿಕೊಂಡಿತು. ನಾಲ್ಕನೆಯ ದಿನ ಸುಯುನಕ್ಕ ಯಾರಿಗೂ ಹೇಳದೆ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದ್ದನ್ನು ಕಂಡೆ. ಅಲ್ಲಿ ಬಿಸ್ಕತ್ತಿರಲಿಲ್ಲ, ಗಂಡ ಅದರೊಳಗೆ ಅಂಗಿಯ ಗುಂಡಿಗಳನ್ನು ತುಂಬಿಟ್ಟಿದ್ದ.

ಎಲ್ಲ ಬಗೆಹರಿದದ್ದು ಐದನೆಯ ದಿನ. ಸುಯುನಕ್ಕ ಸಾರಿಗೆಂದು ಒಣಮೆಣಸಿನಕಾಯಿ ಮುರಿಯುತ್ತಿದ್ದಳು. ಲಾಬಾ ತೇಲುತ್ತ ಬಂದು ಮಣೆಯ ಮೇಲಿಳಿದು, ಒಂದನ್ನು ಕಾಲಲ್ಲಿ ಹಿಡಿದು, ಬೀಜ ಬಿಡಿಸಿ ಬಿಡಿಸಿ ತಿನ್ನತೊಡಗಿತು. ಕಣ್ಣು ಅರೆಮುಚ್ಚಿತ್ತು. ಇವಳು ಹೆದರಿ ಗಂಡನನ್ನು ಕೂಗಿದಳು, ಅವನು ಹೆದರಿ ಡಾಕ್ಟರಿಗೆ ಫೋನು ಮಾಡಿದ.

ಆಕೆ ಫೋನಿನಲ್ಲೇ ನಕ್ಕಳು. ಹಕ್ಕಿಗಳಿಗೆ ಖಾರ ತಿಳಿಯುವುದಿಲ್ಲವಂತೆ. ಉಪ್ಪು ಹಚ್ಚದ, ಬೂಸಲು ಹಿಡಿಯದ ಮೆಣಸಿನಕಾಯಿ ಆದರೆ ಧಾರಾಳವಾಗಿ ಪಾಠಕ್ಕೆ ಬಳಸಿ, ಕೊಬ್ಬಿಲ್ಲ ಏನಿಲ್ಲ ಎಂದಳು.

ಜಿನ್‌ಶಿಯಣ್ಣ ತನ್ನ ನಿಯಮ ಬಿಡಲಿಲ್ಲ. ಎರಡು ಬೀಜ ಬಾಯಿಗೆ ಹಾಕಿಕೊಂಡ. ಸಾರಿಗೂ ಸಕ್ಕರೆ ಹಾಕುವ ಊರು ನಮ್ಮದು. ಅವನ ನಾಲಗೆ ಬರೀ ಮೆಣಸಿನಕಾಯಿ ಬೀಜವನ್ನು ಕಂಡಿರಲಿಲ್ಲ. ನಲ್ಲಿಯ ಕಡೆ ಓಡಿದ, ಅದೇ ಕೈಯಲ್ಲಿ ಕಣ್ಣೂ ಉಜ್ಜಿಕೊಂಡ. ಆ ದಿನದ ಪುಟದಲ್ಲಿ ಒಂದೇ ಸಾಲಿದೆ: "ಹತ್ತಿತು. ಡ್ರೈವರ್ ಇಳಿದ."

ಆಮೇಲಿನ ಎರಡು ತಿಂಗಳು ಅವರು ಗಲ್ಲಿಯಲ್ಲೇ ಅಭ್ಯಾಸ ಮಾಡಿದರು. ಅವನು ನನ್ನ ಅಂಗಡಿಯ ಬಾಗಿಲಲ್ಲಿ, ಲಾಬಾ ಅವರ ಮಹಡಿಯ ಕಂಬಿಯ ಮೇಲೆ. ಕರೆದಾಗ ಬಂದರೆ ಒಂದು ಬೀಜ, ಬರದಿದ್ದರೆ ಇಲ್ಲ. ಆ 'ಇಲ್ಲ' ಎನ್ನುವುದೇ ಅವನಿಗೆ ಕಷ್ಟವಾದದ್ದು. ಹಕ್ಕಿ ಅಲ್ಲೇ ಕೂತು ಕಿರುಚುವಾಗ ಅವನು ಬೆನ್ನು ತಿರುಗಿಸಿ, ಕೈಗಳನ್ನು ಕಂಕುಳಲ್ಲಿ ಬಿಗಿಹಿಡಿದು ನಿಂತಿರುತ್ತಿದ್ದ. ತೂಕ ನೂರ ಇಪ್ಪತ್ತೆರಡಕ್ಕೆ ಇಳಿಯಿತು.

ಮತ್ತೆ ಪಾರ್ಕಿಗೆ ಹೋದ ದಿನ ಗಾಳಿ ಇತ್ತು. ಬಿಟ್ಟದ್ದೇ ತಡ ಲಾಬಾ ಆಲದ ಮರಗಳ ಮೇಲೆ ಏರಿತು, ಒಂದು ಸುತ್ತು ಹೊಡೆಯಿತು, ಗಾಳಿಗೆ ಸಿಕ್ಕಿ ಕಾಲುವೆ ದಾಟಿ ಆಚೆ ಕಟ್ಟಡಗಳ ಹಿಂದೆ ಮರೆಯಾಯಿತು. ಅಷ್ಟು ದೂರ ಹಾರಬಲ್ಲದು ಎಂದು ಯಾರೂ ಎಣಿಸಿರಲಿಲ್ಲ. ಜಿನ್‌ಶಿಯಣ್ಣ ಕರೆದ. ಮತ್ತೆ ಕರೆದ. ಆಮೇಲೆ ಕಾಲುವೆಯ ಅಂಚಿಗೆ ಹೋಗಿ ಆಚೆ ದಡವನ್ನೇ ನೋಡುತ್ತ ನಿಂತುಬಿಟ್ಟ. ಮೇಷ್ಟ್ರು ಸೀಟಿ ಊದಲು ಹೋದರೆ ಸುಯುನಕ್ಕ ಅವರ ಕೈ ಹಿಡಿದಳು. "ಬೇಡಿ ಮೇಷ್ಟ್ರೇ. ಅದಕ್ಕೆ ಗೊತ್ತಿರೋದು ಇವನ ದನಿ ಒಂದೇ." ಆಮೇಲೆ ಗಂಡನ ಬೆನ್ನಿಗೊಂದು ಗುದ್ದು ಕೊಟ್ಟು, "ಕೂಗೋ," ಎಂದಳು.

ಅವನು ಕೂಗಿದ. ಆಚೆ ದಡದಿಂದ ಆ ಕರ್ಕಶ ಉತ್ತರ ಬಂತು. ಹಳದಿ ಚುಕ್ಕೆಯೊಂದು ನೀರಿನ ಮೇಲೆ ನೇರವಾಗಿ ಬಂದು ಅವನ ಕೈಮೇಲೆ ಕೂತಿತು. ಅವಸರದಲ್ಲಿ ಕೊಡಲು ಹೋದ ಬೀಜ ಬೆರಳಿನಿಂದ ಜಾರಿ ಹುಲ್ಲಿಗೆ ಬಿತ್ತು. ಲಾಬಾ ಖಾಲಿ ಬೆರಳನ್ನು ನೋಡಿತು, ಅವನ ಮುಖ ನೋಡಿತು, ಹೋಗಲಿಲ್ಲ. ಅವನು ಅಳುತ್ತಿದ್ದನೇ ಎಂದು ಯಾರೋ ಆಮೇಲೆ ಕೇಳಿದ್ದಕ್ಕೆ, ಮೆಣಸಿನ ಕೈ ಕಣ್ಣಿಗೆ ತಾಗಿತು ಎಂದ.

ಎಲ್ಲರೂ ಚದುರಿದ ಮೇಲೆ ಮೇಷ್ಟ್ರು ಹತ್ತಿರ ಬಂದು, ಅಂಥದ್ದೇನು ಕೊಡುತ್ತೀಯ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಜಿನ್‌ಶಿಯಣ್ಣ ಡಬ್ಬಿ ತೆರೆದು ಮುಂದೆ ಹಿಡಿದ. ಮೊದಲು ನೀವು ರುಚಿ ನೋಡಬೇಕು, ಅದು ನಿಯಮ ಎಂದ. ಮುಂದಿನ ವಾರ ಮೇಷ್ಟ್ರು ಬರಲಿಲ್ಲ.

ಈಗ ಹೊಸಬರೆಲ್ಲ ತಮ್ಮ ಹಕ್ಕಿ ಎತ್ತಿಕೊಂಡು ಜಿನ್‌ಶಿಯಣ್ಣನನ್ನೇ ಹುಡುಕಿಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಎಲ್ಲ ಹಕ್ಕಿಗೂ ಮೆಣಸಿನಕಾಯಿಯೇ ಹಿಡಿಸುವುದಿಲ್ಲ, ಪರೀಕ್ಷೆ ಮಾಡಿ ನೋಡಿ ಎಂದು ಮೊಟ್ಟೆ ಟ್ರೇ ಕೊಟ್ಟು ಕಳಿಸುತ್ತಾನೆ. ಹೋದ ತಿಂಗಳು ಅಂಚೆ ಕಚೇರಿಯ ಹೆಣ್ಣುಮಗಳೊಬ್ಬಳು ಚೆಂಡಿನಂತಿದ್ದ ಬೂದು ಗಿಳಿ ತಂದು, ಇದು ಮಾತೇ ಕೇಳುವುದಿಲ್ಲ ಎಂದು ದೂರಿದಳು. ಅವನು ಹಕ್ಕಿಯನ್ನು ಮುಟ್ಟಲೂ ಇಲ್ಲ.

"ಮನೇಲಿ ಎಷ್ಟು ಜನ ಇದೀರಮ್ಮ?"

"ಐದು ಜನ ದೊಡ್ಡಪ್ಪ."

"ನಾಳೆ ಐದೂ ಜನಾನ ಕರ್ಕೊಂಡ್ ಬಾ. ಹಕ್ಕಿ ಮನೇಲೇ ಇರ್ಲಿ."

ಮಾರನೆಯ ದಿನ ಐವರೂ ಬಂದು ನನ್ನ ಅಂಗಡಿಯ ಎರಡು ಮೇಜು ಹಿಡಿದು ಕೂತರು. ಅಜ್ಜಿ ಮಾತ್ರ ಕೈಚೀಲವನ್ನು ಎದೆಗೆ ಅವುಚಿಕೊಂಡು, ಒಂದು ಕುರ್ಚಿ ಬಿಟ್ಟು ದೂರ ಕೂತಿದ್ದಳು.