ಬಾವಿ ಮುಚ್ಚಿದ ಬೇವಿನ ಹಲಗೆ

ಇಜೇರಿಯ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಹಳೆಯ ಬಾವಿ ಇದೆ. ಬೋರ್‌ವೆಲ್ ಬಂದ ಮೇಲೆ ಅದರ ನೀರನ್ನು ಯಾರೂ ಸೇದಲಿಲ್ಲ. ಆದರೆ ಬಾವಿ ಬತ್ತಲೂ ಇಲ್ಲ. ಮಳೆಗಾಲದಲ್ಲಿ ನೀರು ಮೇಲೇರಿ, ಎರಡಾಳು ಕೆಳಗೆ ಕಪ್ಪಗೆ ನಿಂತಿರುತ್ತಿತ್ತು. ಸುತ್ತಲಿನ ಕಟ್ಟೆ ಎಂದೋ ಕುಸಿದು, ಬಾಯಿ ನೆಲದ ಮಟ್ಟಕ್ಕೆ ಬಂದಿತ್ತು. ಮೇಲೆ ಮುಚ್ಚಿದ್ದ ತಗಡು ಗಾಳಿ ಬೀಸಿದಾಗಲೆಲ್ಲ ಎದ್ದು ಬಡಿದುಕೊಳ್ಳುತ್ತಿತ್ತು.

ಆ ಮನೆಗೆ ನಾವು ಇಬ್ಬರು ಸೊಸೆಯರು. ನಾನು ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ನೆಗೆಣ್ಣಿ, ಎಂದರೆ ಗಂಡನ ಅಣ್ಣನ ಹೆಂಡತಿ, ಅಫಜಲಪುರದ ಆಚೆ ಕರಜಗಿಯವಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಡುಗೆ, ದನ, ಹಿತ್ತಿಲು ಎಲ್ಲ ಅವಳ ಕೈಯಲ್ಲೇ. ನಾನು ಅವಳನ್ನು ಯಕ್ಕಾ ಎಂದು ಕರೆಯುತ್ತೇನೆ. ಅವಳಿಗೆ ಆ ಬಾವಿ ಕಂಡರೆ ಆಗುತ್ತಿರಲಿಲ್ಲ. ಅದರ ಪಕ್ಕ ಹಾಯುವಾಗ ಸೆರಗು ಬಿಗಿದುಕೊಂಡು ಗೋಡೆಗೆ ಅಂಟಿಕೊಂಡಂತೆ ನಡೆಯುತ್ತಿದ್ದಳು.

ಒಂದು ಬೇಸಿಗೆಯ ಗಾಳಿಗೆ ಹಿತ್ತಿಲ ಬೇವಿನ ಮರ ಬಿತ್ತು. ಅದನ್ನು ಕೊಯ್ಯಿಸಿ ಬಾವಿಗೆ ಮುಚ್ಚಳ ಮಾಡಿಸೋಣವೆಂದು ಹೇಳಿದವಳು ನಾನೇ. ಊರಿನ ಮುದುಕ ಬಡಿಗ ಐದು ಹಲಗೆಗಳನ್ನು ಜೋಡಿಸಿ, ಕೆಳಗೆ ಅಡ್ಡಪಟ್ಟಿ ಕೊಟ್ಟು, ಮೊಳೆ ಹೊಡೆದು ಬಾಯಿಗೆ ಕೂರಿಸಿದ. ನಾನು ಜೇವರ್ಗಿಯಿಂದ ಮರಕ್ಕೆ ಹಚ್ಚುವ ಸೀಲರ್ ತಂದೆ. ನೀರಿನಂತೆ ತಿಳಿಯಾದದ್ದು. ಬಣ್ಣ ಬದಲಿಸುವುದಿಲ್ಲ, ಮಳೆಯ ನೀರನ್ನು ಒಳಗೆ ಬಿಡುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿತ್ತು.

ಬಡಿಗ ಡಬ್ಬಿಯನ್ನು ತಿರುಗಿಸಿ ನೋಡಿ ಕೆಳಗಿಟ್ಟ.

"ಕಟಗಿ ಇನ್ನಾ ಹಸೀ ಅದರಿ ಟೀಚರಮ್ಮಾ. ಒಂದು ಬ್ಯಾಸಗಿ ಪೂರಾ ಒಣಗ್ಲಿ. ಆಮ್ಯಾಲ ತಗದು, ಎರಡೂ ಕಡಿ ಹಚ್ರಿ. ತುದೀನೂ ಬಿಡಬ್ಯಾಡ್ರಿ."

"ಮಳಿ ಬಂತಲ್ಲರಿ ಕಾಕಾ, ಅಲ್ಲೀತನಕಾ ಹ್ಯಾಂಗ ಬಿಡೂದು?"

"ಮ್ಯಾಲಷ್ಟೇ ಹಚ್ಚಿದ್ರ ಕೆಳಗಿನ ನೀರಿನ ಥಂಡಿ ಒಳಗೇ ಕುಂದರ್ತದ್ರಿ. ಹೊರಗ ಹೋಗಾಕ ಹಾದಿ ಇರಂಗಿಲ್ಲ."

ನಾನು ತಲೆಯಾಡಿಸಿದೆ. ಆ ಮುಚ್ಚಳ ಎತ್ತಲು ನಾಲ್ಕು ಜನ ಬೇಕಿತ್ತು. ಶಾಲೆ ಶುರುವಾಗುವ ವಾರ ಅದು. ಮರುದಿನ ಮುಂಜಾನೆ ನಾನೊಬ್ಬಳೇ ಕುಳಿತು, ಮೇಲಿನ ಬದಿಗೆ ಮಾತ್ರ ಎರಡು ಸಲ ಬ್ರಷ್ ಎಳೆದೆ. ಬೇವಿನ ಹಳದಿ ಎಳೆಗಳು ಎದ್ದು ಕಂಡವು. ಚೆಂಬಿನಿಂದ ನೀರು ಸುರಿದರೆ ಹನಿ ಹನಿಯಾಗಿ ಉರುಳಿಹೋಯಿತು. ನೆಗೆಣ್ಣಿಯನ್ನು ಕರೆದು ತೋರಿಸಿದೆ. ಅವಳು ದೂರದಲ್ಲೇ ನಿಂತಳು. ನಾನು ಹಲಗೆಯ ನಡುವೆ ಹೋಗಿ ನಿಂತು, ನಗುತ್ತ ಎರಡು ಸಲ ಜಿಗಿದೆ.

"ಇಳಿ ಬೇ, ಹುಚ್ಚಿ!" ಎಂದು ಅವಳು ಚೀರಿದಳು.

"ಏನೂ ಆಗಂಗಿಲ್ಲ ಯಕ್ಕಾ, ಕಲ್ಲಿದ್ದಂಗ ಅದ. ನನ್ ಮ್ಯಾಲ ಭರೋಸಾ ಇಲ್ಲೇನು?"

ಆ ವರ್ಷದ ಕೊನೆಯ ಹೊತ್ತಿಗೆ ಅವಳು ಹಲಗೆಯ ಮೇಲೆ ಕಾಲಿಡಲು ಕಲಿತಿದ್ದಳು. ಮೊದಲು ಅಂಚಿಗೆ, ಆಮೇಲೆ ನಡುವಿಗೆ. ಹಿತ್ತಿಲಲ್ಲಿ ಇಡೀ ದಿನ ಬಿಸಿಲು ಬೀಳುವ ಜಾಗ ಅದೊಂದೇ. ತೊಳೆದ ತೊಗರಿಬೇಳೆಯನ್ನು ಹಳೆಯ ಧೋತರದ ಮೇಲೆ ಅಲ್ಲೇ ಹರವುತ್ತಿದ್ದಳು. ಮೆಣಸಿನಕಾಯಿ, ಶಾವಿಗೆ ಎಲ್ಲವೂ ಅಲ್ಲೇ ಒಣಗುತ್ತಿದ್ದವು. ಅವಳ ಹೆದರಿಕೆ ಬಿಡಿಸಿದೆನೆಂದು ನನಗೊಂದು ಹೆಮ್ಮೆ ಇತ್ತು.

ಮೊದಲ ಮಳೆಗಾಲ ಮುಗಿದಾಗ ಹಲಗೆಯ ಮೇಲೆ ಬಿಳಿ ಮಚ್ಚೆಗಳು ಕಂಡವು. ಕಣ್ಣಿಗೆ ಪೊರೆ ಬಂದ ಹಾಗೆ, ಹೊಳಪಿನ ಅಡಿಯಲ್ಲಿ. ಬಟ್ಟೆಯಿಂದ ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದು ಒಳಗೆ ಸಿಕ್ಕಿಕೊಂಡ ತೇವವೆಂದು ನನಗೆ ಗೊತ್ತಾಗಬೇಕಿತ್ತು, ಗೊತ್ತಾಗಿಯೂ ಇತ್ತು. ಬಡಿಗನನ್ನು ಕರೆಸಿದರೆ ಅವನು ಹೇಳುವ ಮಾತು ನನಗೆ ಮೊದಲೇ ಕೇಳಿಸಿತು. ದೀಪಾವಳಿ ರಜೆಯಲ್ಲಿ ಆ ಮಚ್ಚೆಗಳನ್ನು ಸ್ಯಾಂಡ್ ಪೇಪರಿನಿಂದ ತಿಕ್ಕಿ, ಡಬ್ಬಿಯಲ್ಲಿ ಉಳಿದದ್ದನ್ನು ಮತ್ತೊಮ್ಮೆ ಮೇಲೆ ಬಳಿದೆ. ಹಲಗೆ ಮೊದಲಿಗಿಂತ ಹೆಚ್ಚು ಹೊಳೆಯಿತು. ಮನೆಗೆ ಬಂದವರು ಅದರ ಮೇಲೆ ಕೈಯಾಡಿಸಿ ಹೊಗಳಿದರು.

ಎರಡನೆಯ ಮಳೆಗಾಲದಲ್ಲಿ ಬಾವಿಯ ನೀರು ಹಿಂದೆಂದಿಗಿಂತ ಮೇಲೆ ಬಂತು. ಹಲಗೆಗಳ ಸಂದಿಯಿಂದ ಒಂದು ವಾಸನೆ ಏಳುತ್ತಿತ್ತು, ನೆನೆದ ಗೋಣಿಚೀಲದ ವಾಸನೆ. ಒಂದು ಮುಂಜಾನೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಹಗ್ಗದ ಮೇಲಿನ ಟವೆಲ್ ತರಲು ಹಲಗೆ ದಾಟಿದೆ. ಕಾಲ ಕೆಳಗೆ ಮೆತ್ತಗೆ ಏನೋ ತಗ್ಗಿತು. ಮರ ಮುರಿಯುವ ಸದ್ದಲ್ಲ. ಹಸಿ ಕಡಲೆಯನ್ನು ಜಗಿದಂಥ ಸದ್ದು. ನಾನು ಹಿಂದಕ್ಕೆ ಸರಿದು ನೋಡಿದೆ. ಮೇಲೆ ಒಂದು ಗೀರೂ ಇರಲಿಲ್ಲ. ಹಲಗೆಯಲ್ಲಿ ನನ್ನ ನೆರಳು ಕಾಣುತ್ತಿತ್ತು.

ಅಂದು ನಾನು ಯಾರಿಗೂ ಹೇಳಲಿಲ್ಲ. ರವಿವಾರ ಬಡಿಗನನ್ನು ಕರೆಸಿದರಾಯಿತು ಎಂದುಕೊಂಡೆ. ರವಿವಾರಗಳು ಬಂದವು, ಹೋದವು. ತೋರಿಸಿದರೆ ತಪ್ಪು ನನ್ನದೆಂದು ಎಲ್ಲರಿಗೂ ತಿಳಿಯುತ್ತಿತ್ತು, ಅಷ್ಟೇ. ಅಂದಿನಿಂದ ನಾನು ಮಾತ್ರ ಹಲಗೆಯನ್ನು ತುಳಿಯದೆ ಸುತ್ತಿ ಹೋಗತೊಡಗಿದೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಪರೀಕ್ಷೆಯ ಪೇಪರು ತಿದ್ದುತ್ತ ಪಡಸಾಲೆಯಲ್ಲಿ ಕುಳಿತಿದ್ದೆ. ಪಡುವಣ ದಿಕ್ಕು ಒಮ್ಮೆಲೇ ಕಪ್ಪಾಯಿತು. ಧೂಳು ಎದ್ದಿತು, ದಪ್ಪ ಹನಿ ಬಿದ್ದವು. ಬೇಳೆ ನೆನೆಯುತ್ತದೆಂದು ನೆಗೆಣ್ಣಿ ಹಿತ್ತಿಲಿಗೆ ಓಡಿದಳು. ನಾನು ಎದ್ದೆ. "ಯಕ್ಕಾ, ನಿಂದ್ರು!" ಎಂದೆನೋ, ಎನ್ನಬೇಕೆಂದುಕೊಂಡೆನೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ.

ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಎದೆಯವರೆಗೆ ಒಳಗಿದ್ದಳು. ನಡುವಿನ ಹಲಗೆ ಮುರಿದಿತ್ತು. ಎರಡೂ ಮೊಳಕೈಗಳನ್ನು ಪಕ್ಕದ ಹಲಗೆಗಳಿಗೆ ಒತ್ತಿ ಹಿಡಿದಿದ್ದಳು. ನುಣುಪಾದ ಆ ಹಲಗೆಗಳ ಮೇಲೆ ಮಳೆ ಬಿದ್ದು, ಕೈಗಳು ಜಾರುತ್ತಿದ್ದವು. ಅವಳು ಕೂಗಲಿಲ್ಲ. ಬೇಳೆ ಒಂದೊಂದೇ ಕೆಳಗಿನ ನೀರಿಗೆ ಬೀಳುವುದು ಕೇಳುತ್ತಿತ್ತು.

ನಾನು ಕಲ್ಲಿನ ಅಂಚಿಗೆ ಬೋರಲು ಮಲಗಿ ಅವಳ ಎರಡೂ ರಟ್ಟೆ ಹಿಡಿದೆ. ನನ್ನ ಕೂಗಿಗೆ ದನದ ಕೊಟ್ಟಿಗೆಯಿಂದ ಅವಳ ಗಂಡ, ನನ್ನ ಭಾವ, ಓಡಿ ಬಂದರು. ಇಬ್ಬರೂ ಸೇರಿ ಎಳೆದೆವು. ಬಲಗಾಲು ಅಡ್ಡಪಟ್ಟಿಗೆ ಸಿಕ್ಕಿ ಮೊಳಕಾಲಿನ ಕೆಳಗೆ ಮುರಿದಿತ್ತು. ಆ ಪಟ್ಟಿ ಇರದಿದ್ದರೆ ಅವಳು ನಮ್ಮ ಕೈಗೆ ಸಿಗುತ್ತಿರಲಿಲ್ಲ.

ಮರುದಿನ ಬಡಿಗ ಬಂದು ಮುರಿದ ತುಂಡನ್ನು ಅಂಗೈಯಲ್ಲಿಟ್ಟು ತೋರಿಸಿದ. ಮೇಲೆ ಉಗುರಿನಷ್ಟು ದಪ್ಪದ ಗಟ್ಟಿ ಪದರ ಹಾಗೇ ಹೊಳೆಯುತ್ತಿತ್ತು. ಅದರ ಕೆಳಗಿನದನ್ನು ಅವನು ಹೆಬ್ಬೆರಳಿನಿಂದ ಒತ್ತಿದ. ನೆನೆದ ತಂಬಾಕಿನಂತೆ ಕಪ್ಪಗೆ ಉದುರಿತು. ನಾನೇ ಭಾವನಿಗೆ, ಗಂಡನಿಗೆ ಎಲ್ಲವನ್ನೂ ಹೇಳಿದೆ: ಬಡಿಗ ಎಚ್ಚರಿಸಿದ್ದು, ನಾನು ಒಂದೇ ಬದಿಗೆ ಹಚ್ಚಿದ್ದು, ಮಚ್ಚೆ ಮುಚ್ಚಿದ್ದು, ಆ ಮುಂಜಾನೆ ಕಾಲ ಕೆಳಗೆ ತಗ್ಗಿದ್ದು. ಭಾವ ಎದ್ದು ಹೊರಗೆ ಹೋದರು.

ಕಲಬುರಗಿಯ ಆಸ್ಪತ್ರೆಯಲ್ಲಿ ನೆಗೆಣ್ಣಿಯ ಕಾಲಿಗೆ ರಾಡು ಹಾಕಿದರು. ನಾಲ್ಕನೆಯ ದಿನ ಅವಳ ಹತ್ತಿರ ಕುಳಿತು ಅವಳಿಗೂ ಹೇಳಿದೆ. ಅವಳು ಗೋಡೆಯ ಕಡೆ ನೋಡುತ್ತ ಕೇಳಿಸಿಕೊಂಡಳು.

"ನನಗ ಗೊತ್ತಿತ್ತು" ಎಂದಳು.

"ಏನ್ ಗೊತ್ತಿತ್ತು ಯಕ್ಕಾ?"

"ನೀ ಹಲಗಿ ಸುತ್ತ ಬಳಸಿ ಹೋಗಾಕತ್ತಿದ್ದಿ. ಮೊದಲ ಮ್ಯಾಲೇ ಜಿಗೀತಿದ್ದಾಕಿ. ಅಡಗಿಮನಿ ಕಿಡಕ್ಯಾಗಿಂದ ದಿನಾ ನೋಡ್ತಿದ್ದೆ. ಅದಕ್ಕ ನಾನೂ ಅಂಚಿನ್ಯಾಗಿಂದನೇ ಬ್ಯಾಳಿ ಹರವತಿದ್ದೆ. ಅವತ್ತು ಮಳಿ ಗಡಿಬಿಡ್ಯಾಗ ಮರತೆ."

"ಮತ್ತ ಕೇಳಬೇಕಿತ್ತಲ್ಲ ನನಗ?"

ಅವಳು ಆಗ ನನ್ನತ್ತ ತಿರುಗಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ನೀನೇ ಹೇಳ್ತಿ ಅಂತ ಕಾಯಾಕತ್ತಿದ್ದೆ" ಎಂದಳು.

ಎಲುಬು ಕೂಡಿತು. ಕಾಲು ಮಾತ್ರ ಒಂದಿಷ್ಟು ಗಿಡ್ಡವಾಗಿ ಉಳಿಯಿತು, ಚಳಿಗಾಲದಲ್ಲಿ ನೋಯುತ್ತದೆ. ಎರಡು ವರ್ಷದಿಂದ ದನದ ಕೆಲಸ ನನ್ನ ಪಾಲಿಗೆ ಬಂದಿದೆ, ಮಾಡುತ್ತೇನೆ. ಅವಳು ನನ್ನೊಡನೆ ಮೊದಲಿನಂತೆಯೇ ಮಾತಾಡುತ್ತಾಳೆ, ನಗುತ್ತಾಳೆ. ಭಾವ ಮಾತ್ರ ಬೇಕಾದಷ್ಟೇ ಮಾತಾಡುತ್ತಾರೆ. ಬಾವಿಯ ಸುತ್ತ ಸಿಮೆಂಟಿನ ಕಟ್ಟೆ ಎದ್ದಿದೆ, ಮೇಲೆ ಕಬ್ಬಿಣದ ಜಾಲರಿ ಕೂರಿಸಿದ್ದಾರೆ. ಅದರ ಸಂದಿಯಿಂದ ಬಗ್ಗಿ ನೋಡಿದರೆ ನೀರು ಕಾಣುತ್ತದೆ.

ಈ ಸಲ ಮಳೆ ಒಂದು ವಾರ ಬಿಡಲಿಲ್ಲ. ದಿನಾ ಮುಂಜಾನೆ ನೆಗೆಣ್ಣಿ ಅಡುಗೆಮನೆಯ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ನಿಂತು, "ನೀರು ಎಷ್ಟು ಮ್ಯಾಲ ಬಂದದ ನೋಡು ಬೇ" ಎನ್ನುತ್ತಿದ್ದಳು. ನಾನು ಹೋಗಿ ಬಗ್ಗಿ ನೋಡಿ ಬಂದು, ಕಂಡದ್ದನ್ನು ಕಂಡಂತೆ ಹೇಳುತ್ತಿದ್ದೆ. ನಿನ್ನೆಗಿಂತ ಒಂದು ಗೇಣು ಮೇಲೆ. ಇವತ್ತು ಮತ್ತೆ ಒಂದು ಗೇಣು.