ಕೆಂಪು ಗೆರೆಯ ಪಕ್ಕದಲ್ಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಉದ್ದನೆಯ ಶೆಡ್ಡಿನ ಬಾಗಿಲಿಗೆ ಒಬ್ಬ ಹೆಂಗಸು ಭುಜ ಕೊಟ್ಟು ತಳ್ಳುತ್ತಾರೆ. ಬಾಗಿಲು ಒಂದಿಷ್ಟು ಗೊಣಗಿ ಸರಿಯುತ್ತದೆ. ಒಳಗೆ ಹೋದವರು ದೀಪ ಹಾಕುವುದಿಲ್ಲ. ಕತ್ತಲಲ್ಲೇ ನಿಂತು ಮೂಸುತ್ತಾರೆ. ತೇವದ ವಾಸನೆ ಬಂದರೆ ಮೇಲೆ ಎಲ್ಲೋ ತಗಡು ಸೋರಿದೆ ಎಂದು ಅರ್ಥ. ಇವತ್ತು ಧೂಳಿನ ವಾಸನೆ ಮಾತ್ರ ಇದೆ. ಆಮೇಲೆ ದೀಪ ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡ ಒಣಬಟ್ಟೆ ತೆಗೆದು, ಮೊದಲ ಸಾಲಿನ ಮೊದಲ ಪೆಟ್ಟಿಗೆಯ ಮುಚ್ಚಳ ಎತ್ತುತ್ತಾರೆ.

ಪೆಟ್ಟಿಗೆಯಲ್ಲಿರುವುದು ಕಲ್ಲು. ಎಣ್ಣೆ ಹುಡುಕುವವರು ನೆಲ ಕೊರೆಯುವಾಗ ಬಾವಿಯೊಳಗಿಂದ ತೋಳಿನ ದಪ್ಪದ ಕಲ್ಲಿನ ಕೋಲನ್ನು ಇಡಿಯಾಗಿ ಮೇಲಕ್ಕೆ ತೆಗೆಯುತ್ತಾರೆ. ಅದಕ್ಕೆ ಕೋರ್ ಎಂದು ಹೆಸರು. ಈ ಶೆಡ್ಡಿನ ತುಂಬ ಇರುವುದು ಅಂಥ ಕೋರುಗಳೇ, ಅದರಲ್ಲೂ ಹೆಚ್ಚಿನವು ಶೇಲ್ ಎಂಬ ಪದರುಗಲ್ಲಿನವು. ಮಾಡಿನ ತನಕ ಚೌಕಟ್ಟು, ಚೌಕಟ್ಟಿನ ತುಂಬ ಮರದ ಪೆಟ್ಟಿಗೆ. ಇವನ್ನೆಲ್ಲ ನೋಡಿಕೊಳ್ಳುವವರನ್ನು ಇಲ್ಲಿ ಎಲ್ಲರೂ ಪೆಟ್ಟಿಗೆಯಕ್ಕ ಎನ್ನುತ್ತಾರೆ. ದೊಡ್ಡ ಸಾಹೇಬರೂ ಹಾಗೇ ಕರೆಯುತ್ತಾರೆ.

ಶೇಲ್ ನೋಡಲು ಗಟ್ಟಿ, ಸ್ವಭಾವದಲ್ಲಿ ಬಲು ನಾಜೂಕು. ಗಾಳಿ ಬಿಸಿಯಾದರೆ ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ನೀರು ಸೋಕಿದರೆ ಉಬ್ಬಿ ಕೆಸರಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಕನಿಗೆ ಇದು ಗೊತ್ತಿರಲಿಲ್ಲ. ಧೂಳು ಕೂತಿದೆಯಲ್ಲ ಎಂದು ಒಂದು ಇಡೀ ಪೆಟ್ಟಿಗೆಯನ್ನು ಬಕೆಟ್ಟು ನೀರು ತಂದು ತಿಕ್ಕಿ ತೊಳೆದರಂತೆ.

"ಮಧ್ಯಾಹ್ನ ಊಟ ಮಾಡಿ ಬಂದು ನೋಡ್ತೀನಿ, ಪೆಟ್ಟಿಗೇಲಿ ಗೊಜ್ಜಿನ ಥರ ಏನೋ ಇದೆ, ಕಲ್ಲಿಲ್ಲ" ಎನ್ನುತ್ತಾರೆ. "ಅಳು ಬಂತು. ಆಗ ಇದ್ದ ಮೇಸ್ತ್ರಿ ಬೈಲಿಲ್ಲ. ನಿಧಾನಕ್ಕೆ ಹತ್ರ ಬಂದು, 'ತಾಯಿ, ಇದು ಪಾತ್ರೆ ಅಲ್ಲ. ಇಷ್ಟು ಕಾಲ ಭೂಮಿಯೊಳಗೆ ಯಾರೂ ತೊಳೀದೇನೇ ಚೆನ್ನಾಗಿತ್ತು' ಅಂದ್ರು. ಅವತ್ತಿಂದ ನನ್ನ ಕೈಲಿ ಒಣಬಟ್ಟೆ ಬಿಟ್ರೆ ಬೇರೆ ಇಲ್ಲ."

ಇವರ ಗಂಡ ಕೊರೆಯುವ ಕಡೆ ಕೆಲಸಕ್ಕಿದ್ದರು. ನಾನು ಆಗ ಲಾರಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಬರುತ್ತಿದ್ದವನು, ಕೆಲಸ ಬಿಟ್ಟ ಮೇಲೂ ಇಲ್ಲಿಗೆ ಬಂದು ಕೂರುವವನು, ಅವರನ್ನು ಬಲ್ಲೆ. ಮಾತು ಕಡಿಮೆ, ಕೈ ಶುದ್ಧ. ಕಲ್ಲು ಮೇಲೆ ಬಂದ ಕೂಡಲೇ ಅದರ ಮೈಮೇಲೆ ಉದ್ದಕ್ಕೆ ಗೆರೆ ಎಳೆಯುವುದು ಅವರ ಕೆಲಸ. ಎರಡು ಬಣ್ಣದ ಕಡ್ಡಿಗಳ ನಡುವೆ ಮೂರು ಬೆರಳಗಲದ ಒಂದು ಮರದ ಚೂರು ಇಟ್ಟು ಒಟ್ಟಿಗೆ ಕಟ್ಟಿ, ಉಸಿರು ಹಿಡಿದು ಒಂದೇ ಎಳೆತಕ್ಕೆ ಎಳೆಯುತ್ತಿದ್ದರು. ಕಲ್ಲನ್ನು ಎದುರಿಗೆ ನೆಟ್ಟಗೆ ನಿಲ್ಲಿಸಿದಾಗ ಕೆಂಪು ಬಲಕ್ಕೆ, ಕಪ್ಪು ಎಡಕ್ಕೆ ಕಾಣಬೇಕು. ಹಾಗೆ ಕಂಡರೆ ತಲೆ ಮೇಲಿದೆ, ಬುಡ ಕೆಳಗಿದೆ. ಅದಲು ಬದಲಾಗಿ ಕಂಡರೆ ಕಲ್ಲು ತಲೆಕೆಳಗಾಗಿದೆ. ಯಾವ ಪದರು ಮೊದಲು ಕೂತದ್ದು, ಯಾವುದು ಆಮೇಲಿನದು ಎಂದು ಹೇಳಲು ಆ ಎರಡು ಗೆರೆಗಳೇ ಆಧಾರ. ಒಂದೇ ಗೆರೆ ಇದ್ದರೆ ಉಪಯೋಗವಿಲ್ಲ.

ಒಂದು ಬಾವಿಯಲ್ಲಿ, ಎಲ್ಲಕ್ಕಿಂತ ಆಳದ ಕಲ್ಲು ಮೇಲೆ ಬಂದ ಸಂಜೆ ಅವರು ಹಾಗೇ ಗೆರೆ ಎಳೆದು, ಪೆಟ್ಟಿಗೆಗೆ ಹಾಕಿ, ಮನೆಗೆ ಬಂದು ಮಲಗಿದರು. ಮರುದಿನ ಬೆಳಗ್ಗೆ ಮೇಲಿಂದ ಕೊಳವೆ ಜಾರಿ ಅವರ ಮೇಲೆ ಬಿತ್ತು, ಅವರು ಉಳಿಯಲಿಲ್ಲ. ಆ ಬಾವಿಯನ್ನು ಅಲ್ಲಿಗೇ ಮುಚ್ಚಿದರು. ಅದಕ್ಕಿಂತ ಕೆಳಗಿನ ಕಲ್ಲನ್ನು ಇವತ್ತಿನವರೆಗೂ ಯಾರೂ ನೋಡಿಲ್ಲ. ಮಗಳು ಆಗ ಇನ್ನೂ ತೊಟ್ಟಿಲ ಕೂಸು. ಕಚೇರಿಯವರು ಕನಿಕರದಿಂದ ಹೆಂಡತಿಗೆ ಕೆಲಸ ಕೊಟ್ಟರು. ಶೆಡ್ಡಿಗೆ ಬಂದ ಕೆಲವು ದಿನಗಳ ಮೇಲೆ ಈ ಹೆಂಗಸು ಹಿಂದಿನ ಗೋಡೆಯ ಬದಿಯ ಒಂದು ಪೆಟ್ಟಿಗೆ ತೆರೆದು, ಆ ಕೊನೆಯ ಕಲ್ಲಿನ ಮೇಲೆ ಗಂಡನ ಗೆರೆಯ ಗುರುತು ಹಿಡಿದು, ನೆಲದ ಮೇಲೆ ಕೂತುಬಿಟ್ಟರು ಎಂದು ಮೇಸ್ತ್ರಿ ನನಗೆ ಹೇಳಿದ್ದುಂಟು.

"ಅವರದ್ದು ಅಂತ ನನ್ನ ಹತ್ರ ಬೇರೆ ಏನಿದೆ ಹೇಳಿ. ಬಟ್ಟೆ ಹಳೇದಾಗಿ ಹರಿದುಹೋಯ್ತು. ಫೋಟೋ ಒಂದಿತ್ತು, ಅದರಲ್ಲಿ ಮುಖ ಮಸುಕು. ಈ ಗೆರೆ ಮಾತ್ರ ನಿನ್ನೆ ಎಳೆದ ಹಾಗಿದೆ."

ಮಗಳಿಗೆ ಈಗ ಮದುವೆಯ ವಯಸ್ಸು ದಾಟುತ್ತಾ ಬಂದಿದೆ. ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಾಳೆ. ಮನೆ ಎಂದರೆ ಒಂದು ಕೋಣೆ, ಒಂದು ಅಡಿಗೆಮನೆ, ಕಿಟಕಿಯ ಕೆಳಗೆ ಹೊಲಿಗೆ ಮೆಷಿನ್ನು. ತಾಯಿಯನ್ನು ಕೆಣಕದಿದ್ದರೆ ಅವಳಿಗೆ ತಿಂದದ್ದು ಜೀರ್ಣವಾಗುವುದಿಲ್ಲ. "ಕಲ್ಲಿಗೆ ಸೆಖೆ ಆಗುತ್ತೆ ಅಂತ ಕಿಟಕಿ ತೆಗೀತಾಳೆ. ನನಗೆ ಸೆಖೆ ಅಂದ್ರೆ ಬೀಸಣಿಗೆ ಎಲ್ಲಿದೆ ನೋಡ್ಕೋ ಅಂತಾಳೆ" ಎಂದು ನನ್ನೆದುರಿಗೇ ಹೇಳುತ್ತಾಳೆ. ತಾಯಿ ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ಈ ವಾರ ಮಾತ್ರ ಆ ಮನೆಯಲ್ಲಿ ನಗು ಕಡಿಮೆ. ಭೂವಿಜ್ಞಾನ ಓದಿದ ಒಬ್ಬ ಮೇಡಂ ಬಂದಿದ್ದಾರೆ. ಚಿಕ್ಕ ವಯಸ್ಸು, ದೊಡ್ಡ ತಾಳ್ಮೆ. ನನಗೂ ಸ್ಟೂಲು ಹಾಕಿ ಕೂರಿಸಿ ವಿವರಿಸಿದರು. ಯಾವುದೋ ಕಾಲದ ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು ಸತ್ತು ತಳದ ಕೆಸರಿನಲ್ಲಿ ಬಿದ್ದವಂತೆ. ಕೆಸರಿನ ಮೇಲೆ ಕೆಸರು ಕೂತು, ಭಾರಕ್ಕೆ ಒತ್ತಿ ಪದರುಗಲ್ಲಾಯಿತಂತೆ. ಆ ಜೀವಗಳ ಜಿಡ್ಡು ಕಲ್ಲಿನೊಳಗೇ ಉಳಿದಿದೆ. ಭೂಮಿಯ ಕಾವು ಅದಕ್ಕೆ ಬೇಕಾದಷ್ಟು ತಾಗಿದ್ದರೆ ಎಣ್ಣೆಯಾಗಿರುತ್ತದೆ. ತಾಗದಿದ್ದರೆ ಹಸಿಯಾಗಿಯೇ ಇರುತ್ತದೆ, ಹೆಚ್ಚು ತಾಗಿದ್ದರೆ ಸುಟ್ಟು ಹೋಗಿರುತ್ತದೆ.

"ಯಾವುದು ಅಂತ ಗೊತ್ತಾಗಬೇಕಾದ್ರೆ ಕಲ್ಲನ್ನ ಪುಡಿ ಮಾಡಿ ಒಲೆಗೆ ಹಾಕಲೇಬೇಕು ತಾತ" ಎಂದರು. "ಆಳ ಹೋದಷ್ಟೂ ಕಾವು ಜಾಸ್ತಿ. ನಮ್ಮಲ್ಲಿ ಎಲ್ಲಕ್ಕಿಂತ ಆಳದ ಕಲ್ಲು ಅಂದ್ರೆ ಅದೊಂದೇ."

ಅದೊಂದೇ ಎಂದರೆ ಹಿಂದಿನ ಗೋಡೆಯ ಬದಿಯದು. ಕೋರನ್ನು ಉದ್ದಕ್ಕೆ ಸೀಳಿ ಅರ್ಧ ಪರೀಕ್ಷೆಗೆ ಕೊಟ್ಟು ಅರ್ಧ ಉಳಿಸಿಕೊಳ್ಳುವುದು ಇಲ್ಲಿಯ ಕ್ರಮ. ಇದರ ಒಂದರ್ಧ ಎಂದೋ ಹೋಗಿದೆ. ಉಳಿದ ಅರ್ಧದ ಬೆನ್ನಿನ ಮೇಲೆ ಎರಡು ಗೆರೆ. ಅಂಚುಗಳನ್ನು ಹಿಂದೆ ಬಂದವರೆಲ್ಲ ಚೂರು ಚೂರು ಒಡೆದುಕೊಂಡು ಹೋಗಿದ್ದಾರೆ. ಗಟ್ಟಿ ಉಳಿದಿರುವುದು ನಡುಭಾಗ. ಗರಗಸ ಹಾಯಬೇಕಾದ ಜಾಗ ಎರಡು ಗೆರೆಗಳ ನಡುವೆ. ಕಪ್ಪು ಗೆರೆಯ ಪಾಲು ಪುಡಿಯಾಗಬೇಕು, ಕೆಂಪಿನ ಪಾಲು ಉಳಿಯಬೇಕು.

ಗೆರೆ ಯಾರದೆಂದು ಮೇಡಂಗೆ ಕಾವಲಿನವನು ಹೇಳಿದ. ಅವರು ತಾವೇ ಅಕ್ಕನ ಹತ್ತಿರ ಬಂದು, "ನೀವು ಈ ಕಲ್ಲು ಗರಗಸಕ್ಕೆ ತಡೆಯಲ್ಲ ಅಂದ್ರೆ ನಾನು ಮುಟ್ಟಲ್ಲ" ಎಂದರು. ಶೆಡ್ಡಿನ ರೂಢಿಯೇ ಹಾಗೆ. ಕಲ್ಲು ತಡೆಯುತ್ತದೋ ಒಡೆದು ಹೋಗುತ್ತದೋ ಎನ್ನುವುದು ಪೆಟ್ಟಿಗೆ ನೋಡಿಕೊಳ್ಳುವವರ ಮಾತು. ಅಕ್ಕ ಕಲ್ಲಿನ ಬೆನ್ನಿಗೆ ಬೆರಳಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ನಾಳೆ ಹೇಳುತ್ತೇನೆ ಎಂದರು.

ಆ ಸಂಜೆ ನಾನು ಅವರ ಮನೆಯಲ್ಲಿದ್ದೆ. ಮಗಳು ಮೆಷಿನ್ನಿನ ಮುಂದಿಂದ ಏಳದೆಯೇ, "ತಡೆಯಲ್ಲ ಅಂತ ಹೇಳ್ಬಿಡಮ್ಮ. ಅವರಾಗೇ ದಾರಿ ತೋರಿಸಿದ್ದಾರಲ್ಲ" ಎಂದಳು.

"ತಡೆಯುತ್ತೆ ಕಣೇ. ತಟ್ಟಿ ನೋಡಿದೀನಿ."

"ನೋಡಿದ್ದು ನಿನಗೆ ತಾನೇ ಗೊತ್ತು?"

"ಹೂಂ, ನನಗೇ ಗೊತ್ತು. ಅದಕ್ಕೇ ಕಷ್ಟ." ಅಕ್ಕ ತಟ್ಟೆ ಒರೆಸುತ್ತಾ ನಿಂತರು. "ಇವತ್ತು ಸುಳ್ಳು ಹೇಳಿದ್ರೆ, ನಾಳೆ ಇನ್ನೊಂದು ಕಲ್ಲು ನಿಜವಾಗ್ಲೂ ತಡೆಯಲ್ಲ ಅಂದಾಗ ಯಾರು ನಂಬ್ತಾರೆ? ನಿಮ್ಮಪ್ಪ ಗೆರೆ ಎಳೆದದ್ದು ನಾವು ನೋಡ್ತಾ ಕೂರಲಿ ಅಂತಲ್ಲ. ಮುಂದೆ ಬರೋರಿಗೆ ಉಪಯೋಗ ಆಗಲಿ ಅಂತ."

"ನನಗೆ ಅಪ್ಪ ಅಂದ್ರೆ ಆ ಗೆರೆ ಒಂದೇ ಅಮ್ಮ" ಎಂದಳು ಮಗಳು. ಮೆಷಿನ್ನು ಮತ್ತೆ ಓಡಿತು.

ಇವತ್ತು ಬೆಳಗ್ಗೆ ಒರೆಸುವ ಕೆಲಸ ಮುಗಿಸಿ ಅಕ್ಕ ಆ ಕಲ್ಲನ್ನು ಮಗುವನ್ನು ಎತ್ತಿದ ಹಾಗೆ ಎರಡು ಕೈಯಲ್ಲಿ ಎತ್ತಿ ತಂದು ಬೆಂಚಿನ ಮೇಲೆ ಇಡುತ್ತಾರೆ. "ತಡೆಯುತ್ತೆ ಮೇಡಂ" ಎನ್ನುತ್ತಾರೆ, ಅಷ್ಟೇ. ಆದರೆ ಗರಗಸಕ್ಕೆ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಸೀಳಿದ ಮೇಲೆ ಉಳಿಯುವ ಪಾಲಿನಲ್ಲಿ ಕೆಂಪು ಒಂದೇ ಇದ್ದರೆ ಅದರ ತಲೆ ಬುಡ ತಿಳಿಯುವುದಿಲ್ಲ. ಕೆಂಪಿನ ಎಡಕ್ಕೆ, ಒಂದು ಬೆರಳಿನಷ್ಟು ಸಂದಿನಲ್ಲಿ, ಹೊಸ ಕಪ್ಪು ಗೆರೆ ಬೇಕು. ಮೇಡಂ ಕಡ್ಡಿಯನ್ನು ಕೈಗೆತ್ತಿಕೊಂಡವರು, ಏನನ್ನಿಸಿತೋ, ಅದನ್ನು ಅಕ್ಕನ ಕಡೆ ಚಾಚುತ್ತಾರೆ.

ಇಷ್ಟು ವರ್ಷದಲ್ಲಿ ಅಕ್ಕ ಗೆರೆಗಳನ್ನು ಕಾದಿದ್ದಾರೆ, ಎಳೆದಿಲ್ಲ. ಕಡ್ಡಿ ಹಿಡಿದು ಒಂದು ಗಳಿಗೆ ನಿಲ್ಲುತ್ತಾರೆ. ಸೆರಗನ್ನು ಸೊಂಟಕ್ಕೆ ಬಿಗಿದು, ಬಗ್ಗಿ, ಉಸಿರು ಹಿಡಿದು ಎಳೆಯುತ್ತಾರೆ.

ಆಮೇಲೆ ಅಕ್ಕನೇ ಮುಖಕ್ಕೆ ಬಟ್ಟೆ ಕಟ್ಟಿ ಗರಗಸ ಹಚ್ಚುತ್ತಾರೆ. ಬೇರೆ ಕಲ್ಲಾದರೆ ಅಲಗು ತಂಪಾಗಲು ನೀರು ಬಿಡುತ್ತಾರೆ, ಇಲ್ಲವೆ ಸೀಮೆಎಣ್ಣೆ. ಈ ಕಲ್ಲಿಗೆ ನೀರು ಬಿಟ್ಟರೆ ಕೆಸರು, ಸೀಮೆಎಣ್ಣೆ ಬಿಟ್ಟರೆ ಎಣ್ಣೆಯ ಪರೀಕ್ಷೆಯೇ ಸುಳ್ಳು. ಹಾಗಾಗಿ ಒಣ ಗರಗಸ, ಬಲು ನಿಧಾನ. ಅಲಗು ಬಿಸಿಯಾದಂತೆ ಕಲ್ಲಿನೊಳಗಿಂದ ಒಂದು ವಾಸನೆ ಏಳುತ್ತದೆ. ಸುಟ್ಟ ಬತ್ತಿಯ ಹಾಗೆ, ಒಂಚೂರು ಡಾಂಬರಿನ ಹಾಗೆ. ಅಕ್ಕನ ಕೈ ನಿಲ್ಲುವುದಿಲ್ಲ. ಕಣ್ಣು ಮಾತ್ರ ಒಮ್ಮೆ ಮುಚ್ಚಿ ತೆರೆಯುತ್ತದೆ.

"ಅವರ ಅಂಗಿ ಇದೇ ವಾಸನೆ ಬರ್ತಿತ್ತು" ಎಂದು ಆಮೇಲೆ ಹೇಳುತ್ತಾರೆ. "ಎಷ್ಟು ಒಗೆದ್ರೂ ಹೋಗ್ತಿರಲಿಲ್ಲ. ಬೈತಿದ್ದೆ."

ಕಲ್ಲು ಒಡೆಯಲಿಲ್ಲ. ಕಪ್ಪಿನ ಪಾಲನ್ನು ಮೇಡಂ ಬಟ್ಟೆಯಲ್ಲಿ ಸುತ್ತಿ, ಎರಡು ಕೈಯಲ್ಲಿ ಹಿಡಿದು ಒಲೆಯ ಕೋಣೆಗೆ ಒಯ್ಯುತ್ತಾರೆ. ಜಿಡ್ಡು ಎಣ್ಣೆಯಾಗಿದೆಯೋ, ಹಸಿಯೋ, ಸುಟ್ಟು ಹೋಗಿದೆಯೋ, ತಿಳಿಯಲು ಇನ್ನೂ ಸಮಯ ಬೇಕು. ಏನೇ ಬಂದರೂ ಬಂದು ಹೇಳುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದಾರೆ.

ಉಳಿದ ಪಾಲಿನ ಧೂಳನ್ನು ಅಕ್ಕ ಒಣಬಟ್ಟೆಯಿಂದ ಒರೆಸಿ ಪೆಟ್ಟಿಗೆಗೆ ಇಡುತ್ತಾರೆ. ಮುಚ್ಚಳ ಹಾಕುವುದಕ್ಕೆ ಮೊದಲು ನನ್ನನ್ನು ಹತ್ತಿರ ಕರೆಯುತ್ತಾರೆ.

"ನೋಡಿ, ಅವರದ್ದು ದಾರ ಹಿಡಿದ ಹಾಗಿದೆ. ನಂದು ನಡುವೆ ನಡುಗಿದೆ. ಆದ್ರೂ ತಲೆ ಯಾವುದು ಬುಡ ಯಾವುದು ಅಂತ ಸರಿಯಾಗಿ ಹೇಳುತ್ತೆ." ಮುಚ್ಚಳದ ಮೇಲೆ ಕೈ ಇಡುತ್ತಾರೆ. "ಭಾನುವಾರ ಮಗಳನ್ನ ಕರ್ಕೊಂಡು ಬರಬೇಕು ಅಂತಿದೀನಿ. ಕೆಂಪು ನಿಮ್ಮಪ್ಪಂದು, ಪಕ್ಕದ್ದು ನಂದು ಅಂತ ತೋರಿಸಬೇಕು."