ಮೊದಲು ಹೊರಟ ಎಲೆಕ್ಟ್ರಾನ್

ಮಧ್ಯಾಹ್ನ ಒಂದೂವರೆ. ಹಾಲಿನ ಪ್ಯಾಕೆಟ್ ಕೇಳಿದ್ದಕ್ಕೆ ಅಂಗಡಿಯವನು ನನ್ನ ಮುಖದ ಮುಂದೆಯೇ ಶಟರ್ ಎಳೆದ. "ಚಾರ್ ನಂತರ್ ಯಾ," ನಾಲ್ಕರ ಮೇಲೆ ಬನ್ನಿ ಎಂದ. ಪುಣೆಯಲ್ಲಿ ಅದು ನನ್ನ ಮೊದಲ ದಿನ. ನಮ್ಮ ಧಾರವಾಡದಲ್ಲಾದರೆ ಅರ್ಧ ಮುಚ್ಚಿದ ಬಾಗಿಲಿನಿಂದಲೂ "ಏನ್ ಬೇಕ್ರಿ ಅಕ್ಕಾರ?" ಎನ್ನುತ್ತಾರೆ. ಹಾಲಿಲ್ಲದ ಚಹಾ ಕುಡಿದು ಊರನ್ನೇ ಬೈದೆ.

ಊರಂಚಿನ ಕಾತ್ರಜದಲ್ಲಿ ಬಾಡಿಗೆಗೆ ಕೋಣೆ ಕೊಟ್ಟ ಆಜಿ, ಅಂದರೆ ಮನೆಯ ಅಜ್ಜಿ, ನನ್ನ ಕೆಲಸ ಏನೆಂದು ಕೇಳಿದರು. ಎಕ್ಸ್-ರೇ ಬಡಿದ ಪರಮಾಣುವಿನಿಂದ ಎಲೆಕ್ಟ್ರಾನ್ ಹೊರಬೀಳಲು ಎಷ್ಟು ಹೊತ್ತು ಹಿಡಿಯುತ್ತದೆಂದು ಲೆಕ್ಕ ಹಾಕುತ್ತೇನೆ ಎಂದೆ. "ಮ್ಹಣಜೇ ದವಾಖಾನಾ?" ಅಂದರೆ ಆಸ್ಪತ್ರೆಯೇ ಎಂದರು. ಹೂಂ ಎಂದುಬಿಟ್ಟೆ. ಅವರ ಭಾಕರಿ ನಮ್ಮ ಜೋಳದ ರೊಟ್ಟಿಗಿಂತ ದಪ್ಪ. ಅದನ್ನು ತಿನ್ನುತ್ತಾ, ಅವರ ಬೈಗುಳ ಕೇಳುತ್ತಾ ಮರಾಠಿ ಕಲಿತೆ.

ನನ್ನ ಸಿಟ್ಟಿನ ಮೂಲ ಬೇರೆ. ಎಕ್ಸ್-ರೇ ಪರಮಾಣುವಿನ ಒಳಗಿನ ಎಲೆಕ್ಟ್ರಾನೊಂದನ್ನು ಹೊರದಬ್ಬುತ್ತದೆ. ಖಾಲಿಯಾದ ಜಾಗಕ್ಕೆ ಹೊರಗಿನದೊಂದು ಇಳಿಯುತ್ತದೆ, ಆ ಗದ್ದಲದಲ್ಲಿ ಇನ್ನೊಂದು ಹಾರಿಹೋಗುತ್ತದೆ. ಎಕ್ಸ್-ರೇ ಜೋರಾಗಿದ್ದರೆ, ಅಂದರೆ ಅದರ ಶಕ್ತಿ ಹೆಚ್ಚಿದ್ದರೆ, ಮೊದಲು ಹೊರಟದ್ದೇ ಅಳೆಯುವ ಯಂತ್ರವನ್ನು ಮೊದಲು ತಲುಪುತ್ತದೆ. ಕಡಿಮೆಯಿದ್ದರೆ ಮೊದಲನೆಯದು ತೆವಳುತ್ತದೆ, ಎರಡನೆಯದು ಅದನ್ನು ಹಿಂದೆ ಹಾಕುತ್ತದೆ. ನಮ್ಮ ಸಂಶೋಧನಾ ಗುಂಪಿನ ಹಿರಿಯರೊಬ್ಬರು ಜೋರು ಎಕ್ಸ್-ರೇಗೆಂದು ಬರೆದ ಪ್ರೋಗ್ರಾಮನ್ನೇ ಕಡಿಮೆ ಎಕ್ಸ್-ರೇಗೂ ಓಡಿಸುತ್ತಿದ್ದರು. ಹೀಗೆ ಎರಡು ವರ್ಷಗಳ ಕಾಲ, ಎಲೆಕ್ಟ್ರಾನ್‌ಗಳು ತಲುಪಿದ ಸರದಿಯನ್ನೇ ಹೊರಟ ಸರದಿ ಎಂದು ಎಣಿಸಿದ್ದರು. ಉತ್ತರವೆಲ್ಲ ತಲೆಕೆಳಗು! ಎಂಟು ತಿಂಗಳು ಕಣ್ಣು ಕೆಂಪಾಗಿಸಿಕೊಂಡು ಅದನ್ನು ಕಂಡುಹಿಡಿದವಳು ನಾನು.

ಆ ಶೋಧದ ಪ್ರಬಂಧದ ಕರಡು ಬಂತು. ಮೊದಲ ಹೆಸರು ಆ ಹಿರಿಯರದು. ನನ್ನ ಹೆಸರು ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ, ಪ್ರಿಂಟರ್ ಸರಿಮಾಡಿದವರ ಪಕ್ಕದಲ್ಲಿ. ಮೀಟಿಂಗಿನಲ್ಲಿ ಕೇಳಿದೆ. ಪ್ರೋಗ್ರಾಮ್ ಬರೆದವರ ಹೆಸರೇ ಮೊದಲು, ಅದು ನಮ್ಮ ಪದ್ಧತಿ ಎಂದು ಗುಂಪಿನ ಮುಖ್ಯಸ್ಥರಾದ ನಮ್ಮ ಸರ್ ಇಂಗ್ಲಿಷಿನಲ್ಲಿ ನಯವಾಗಿ ಹೇಳಿದರು. ಆಮೇಲೆ ಹಿರಿಯರತ್ತ ತಿರುಗಿ, "ತಿನೇ ಫಕ್ತ್ ದುರುಸ್ತೀ ಕೇಲೀ," ಅವಳು ಬರೀ ರಿಪೇರಿ ಮಾಡಿದ್ದಾಳೆ, ಎಂದರು. ನನಗೆ ಮರಾಠಿ ತಿಳಿಯುವುದಿಲ್ಲ ಎಂದುಕೊಂಡಿದ್ದರು.

ಮೈಯೆಲ್ಲ ಉರಿದುಹೋಯಿತು. "ಚೂಕ್ ತ್ಯಾಂಚೀ, ಶೋಧ್ ಮಾಝಾ!" ತಪ್ಪು ಅವರದು, ಶೋಧ ನನ್ನದು ಎಂದು ಕೂಗಿದೆ. ಆಜಿ ತರಕಾರಿಯವನೊಂದಿಗೆ ಜಗಳವಾಡುವ ಅದೇ ದನಿ. ಮೂರು ದಿನ ಯಾರೂ ನನ್ನನ್ನು ಚಹಾಕ್ಕೆ ಕರೆಯಲಿಲ್ಲ. ನಾಲ್ಕನೆಯ ದಿನ ಬಂದ ಕರಡಿನಲ್ಲಿ ನನ್ನ ಹೆಸರು ಮೊದಲಿತ್ತು. ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ, ಆ ಸಿಟ್ಟು ಈಗಲೂ ಇದೆ.

ಅಚ್ಚಾದ ಪ್ರಬಂಧವನ್ನು ಧಾರವಾಡದಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುವ ಅಕ್ಕನಿಗೆ ಕಳಿಸಿದೆ. ಕೂಡಲೇ ಫೋನ್ ಮಾಡಿದಳು.

"ಭಾಳ ಖುಷಿ ಆತವಾ. ಆದ್ರ ನಿನ್ನ ಹೆಸರಿನ ಕೆಳಗ ಪುಣೆ ಅಂತ ಅದ. ನಮ್ಮೂರ ಎಲ್ಲೆ ಹೋತು?"

"ಕೆಲಸ ಮಾಡೋ ಊರು ಹಾಕ್ತಾರ, ಅಕ್ಕಾ."

"ಹಂಗಾದ್ರ ನೀ ಪುಣೆದಾಕಿನ ಆದಿ ಅನ್ನು."

ಸಿಟ್ಟು ನೆತ್ತಿಗೇರಿತು. ಅಲ್ಲ ಎನ್ನಲು ಹೊರಟವಳು ಪ್ರಬಂಧದ ಮೊದಲ ಪುಟ ತೆರೆದು ನೋಡಿದೆ. ಆ ಕರಡನ್ನು ಹತ್ತು ಸಲ ತಿದ್ದಿದವಳು ನಾನೇ. ಹೆಸರಿನ ಕೆಳಗಿನ ಪುಣೆ ಒಮ್ಮೆಯೂ ನನ್ನ ಕಣ್ಣಿಗೆ ತಪ್ಪಾಗಿ ಕಂಡಿರಲಿಲ್ಲ.